ಕನಾತ್ ಜಾಡು ಹಿಡಿದು ಇರಾನ್ ನೋಡುವುದು

(ಇರಾನ್ ಪ್ರವಾಸದ ತಯಾರಿ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಇಸ್ಫಹಾನಿನಿಂದ ಯಜ್ದ್ ಕಡೆಗೆ ಬಸ್ಸಿನಲ್ಲಿ ಹೊರಟರೆ ಊರು ದಾಟಿದ ಮೇಲೆ ಕಿಟಕಿಯಾಚೆ ಕಾಣುವುದು ಬೋಳು ಬಯಲು, ದೂರದಲ್ಲಿ ಬೂದು ಬಣ್ಣದ ಬೆಟ್ಟ. ಕಣ್ಣು ಸ್ವಲ್ಪ ಪಳಗಿದರೆ ಆ ಬಯಲಿನಲ್ಲಿ ಇನ್ನೊಂದು ಸಂಗತಿ ಕಾಣತೊಡಗುತ್ತದೆ. ಬೆಟ್ಟದ ಬುಡದಿಂದ ಊರಿನ ಕಡೆಗೆ ಸಾಲಾಗಿ ಮಣ್ಣಿನ ದಿಬ್ಬಗಳು, ಪ್ರತಿ ದಿಬ್ಬದ ನಡುವೆ ಒಂದು ಕುಳಿ. ದೈತ್ಯ ಇರುವೆಗಳು ಗೂಡು ಕಟ್ಟುತ್ತಾ ಹೋದ ಹಾಗೆ. ಅದೇ ಕನಾತ್. ದಿಬ್ಬಗಳ ಕೆಳಗೆ ಹತ್ತಾರು ಮೀಟರ್ ಆಳದಲ್ಲಿ ಒಂದು ಸುರಂಗವಿದೆ, ಅದರಲ್ಲಿ ನೀರು ಹರಿಯುತ್ತಿದೆ. ಪಂಪ್ ಇಲ್ಲ, ವಿದ್ಯುತ್ ಇಲ್ಲ, ಇಳಿಜಾರು ಒಂದೇ.

ಯಜ್ದ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 60 ಮಿಲಿಮೀಟರ್. ನಮ್ಮ ಚಳ್ಳಕೆರೆಯಂಥ ಒಣಸೀಮೆಯಲ್ಲೂ ಇದರ ಹಲವು ಪಟ್ಟು ಮಳೆ ಬೀಳುತ್ತದೆ. ಅಷ್ಟು ನೀರಿನಲ್ಲಿ ಒಂದು ಹಳ್ಳಿ ಬದುಕುವುದೇ ಕಷ್ಟ, ಅಲ್ಲಿ ರೇಷ್ಮೆ ನೇಯುವ, ದಾಳಿಂಬೆ ಬೆಳೆಯುವ ನಗರವೇ ಬೆಳೆದು ನಿಂತಿತು. ಹಾಗಾಗಿ ಇರಾನಿಗೆ ಹೋಗುವವರಿಗೆ ನಮ್ಮದೊಂದೇ ಸಲಹೆ: ಅರಮನೆ, ಗುಮ್ಮಟಗಳ ಪಟ್ಟಿ ಹಿಡಿದು ಓಡಬೇಡಿ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುತ್ತಾ ಹೋಗಿ. ಆ ದೇಶ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಕಠಿಣವಾದ ಮಾತು. ಇದು ನಾಳೆಯೇ ಟಿಕೆಟ್ ತೆಗೆಸಿ ಎಂಬ ಕರೆ ಅಲ್ಲ. 2025ರ ಜೂನ್‌ನಲ್ಲಿ 12 ದಿನ ಯುದ್ಧ ನಡೆದಾಗ ವಾಯುಮಾರ್ಗ ಮುಚ್ಚಿತು. ಭಾರತ ಸರ್ಕಾರ ‘ಆಪರೇಷನ್ ಸಿಂಧು’ ಹೆಸರಿನಲ್ಲಿ ನಮ್ಮವರನ್ನು ಕರೆತರಬೇಕಾಯಿತು, ಅವರಲ್ಲಿ ಅನೇಕ ವಿದ್ಯಾರ್ಥಿಗಳು ರಸ್ತೆ ಮೂಲಕ ಆರ್ಮೇನಿಯಾ ದಾಟಿ ಬಂದರು. ವಿದೇಶಾಂಗ ಸಚಿವಾಲಯದ ಸೂಚನೆ ‘ಹೋಗಬೇಡಿ’ ಎನ್ನುತ್ತಿದ್ದರೆ ಹೋಗಬೇಡಿ. ಅಂಥ ಸೂಚನೆ ಇರುವಾಗ ಸಾಮಾನ್ಯ ಪ್ರವಾಸ ವಿಮೆಯೂ ಕೈಹಿಡಿಯುವುದಿಲ್ಲ, ಪಾಲಿಸಿಯ ವಿನಾಯಿತಿಗಳ ಪುಟವನ್ನು ಓದಿ ನೋಡಿ. ವೀಸಾ ವಿಷಯದಲ್ಲೂ ಹಳೆಯ ವಿಡಿಯೊಗಳನ್ನು ನಂಬಿ ಮೋಸ ಹೋಗುವವರಿದ್ದಾರೆ. 2024ರ ಫೆಬ್ರವರಿ 4ರಿಂದ ಭಾರತೀಯರಿಗೆ 15 ದಿನಗಳ ವೀಸಾ ವಿನಾಯಿತಿ ಸಿಕ್ಕಿತ್ತು. ಕೆಲಸ ಕೊಡಿಸುವ ಆಮಿಷ ತೋರಿಸಿ ಕರೆಸಿಕೊಂಡು, ಒತ್ತೆ ಇಟ್ಟು ಹಣ ಕೇಳಿದ ಪ್ರಕರಣಗಳ ನಂತರ 2025ರ ನವೆಂಬರ್ 22ರಿಂದ ಅದನ್ನು ತಡೆಹಿಡಿಯಲಾಯಿತು. ಈಗ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವಾಗಲೇ ವೀಸಾ ಯಾವ ಕಚೇರಿಯಿಂದ ಬೇಕು ಎಂದು ಆರಿಸಬೇಕು. ದೆಹಲಿಯಲ್ಲಿ ರಾಯಭಾರ ಕಚೇರಿ, ಮುಂಬೈ ಮತ್ತು ಹೈದರಾಬಾದ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ.

ಹೊರದೇಶದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಕನ್ನಡಿಗರಿಗೆ ಇನ್ನೂ ಎರಡು ವಿಷಯ ತಿಳಿದಿರಬೇಕು. ಅಮೆರಿಕ, ಬ್ರಿಟನ್, ಕೆನಡಾ ಪಾಸ್‌ಪೋರ್ಟ್ ಇರುವವರು ಇರಾನಿನಲ್ಲಿ ಸ್ವತಂತ್ರವಾಗಿ ತಿರುಗುವಂತಿಲ್ಲ, ಅನುಮತಿ ಪಡೆದ ಗೈಡ್ ಜೊತೆಗಿರಲೇಬೇಕು. ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಇದ್ದವರು 2011ರ ಮಾರ್ಚ್ 1ರ ನಂತರ ಇರಾನಿಗೆ ಕಾಲಿಟ್ಟಿದ್ದರೆ, ಅಮೆರಿಕಕ್ಕೆ ವೀಸಾ ಇಲ್ಲದೆ ಹೋಗುವ ಸೌಲಭ್ಯ ಕಳೆದುಕೊಳ್ಳುತ್ತಾರೆ. ಆಮೇಲೆ ಅವರೂ ಸಂದರ್ಶನದ ಸಾಲಿನಲ್ಲಿ ನಿಲ್ಲಬೇಕು.

ಇನ್ನು ತಪ್ಪು ತಿಳಿವಳಿಕೆಗಳು. ಇರಾನ್ ಅರಬ್ ದೇಶವಲ್ಲ. ಫಾರಸಿಯ ಲಿಪಿ ಅರಬಿಯಿಂದ ಬಂದದ್ದು, ಭಾಷೆ ಮಾತ್ರ ಸಂಸ್ಕೃತದ ದಾಯಾದಿ. ಎಣಿಸಿ ನೋಡಿ: ದೊ, ಸೆ, ಚಹಾರ್, ಪಂಜ್, ಶಿಶ್, ಹಫ್ತ್, ಹಶ್ತ್. ಸಂಸ್ಕೃತದ ‘ಸ’ ಅಲ್ಲಿ ‘ಹ’ ಆಗುತ್ತದೆ, ಸೋಮ ಹಓಮವಾದಂತೆ, ಸಿಂಧು ಹಿಂದುವಾದಂತೆ. ದೇಶವೆಲ್ಲ ಒಂದೇ ಅಚ್ಚು ಎಂಬುದೂ ಸುಳ್ಳು. ಅರ್ಮೇನಿಯನ್ ಕ್ರೈಸ್ತರು, ಅಸ್ಸೀರಿಯನ್ನರು, ಯಹೂದಿಗಳು, ಜರತುಷ್ಟ್ರ ಧರ್ಮದವರಿಗೆ ಸಂಸತ್ತಿನಲ್ಲಿ ಒಟ್ಟು 5 ಸ್ಥಾನಗಳು ಮೀಸಲಿವೆ. ಬಹಾಯಿ ಧರ್ಮದವರಿಗೆ ಮಾತ್ರ ಮಾನ್ಯತೆಯೇ ಇಲ್ಲ, ಅವರು ಕಿರುಕುಳ ಅನುಭವಿಸುತ್ತಲೇ ಬಂದಿದ್ದಾರೆ. ಸರ್ಕಾರವನ್ನು ಕಂಡು ಜನರನ್ನು ಅಳೆಯಬಾರದು. ಹಾಗೆಂದು ಜನರ ಆದರಕ್ಕೆ ಮನಸೋತು ಅಲ್ಲಿನ ಆಡಳಿತ ತನ್ನ ಪ್ರಜೆಗಳನ್ನು ನಡೆಸಿಕೊಳ್ಳುವ ರೀತಿಯನ್ನು ಮರೆಯಲೂಬಾರದು.

ನಮಗಂತೂ ಆ ನಾಡು ಅಪರಿಚಿತವೇ ಅಲ್ಲ. ಬೀದರಿನಲ್ಲಿ 1472ರ ಹೊತ್ತಿಗೆ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕ್ಯಾಸ್ಪಿಯನ್ ತೀರದ ಗಿಲಾನ್ ಪ್ರಾಂತದವನು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಹೆಸರು ಕೊಟ್ಟ ಆಗಾ ಅಲಿ ಅಸ್ಕರ್ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದವರು, ದಿವಾನ್ ಮಿರ್ಜಾ ಇಸ್ಮಾಯಿಲ್ ಇವರ ಮೊಮ್ಮಗ. ಜಮೀನು, ಬಜಾರು, ಪರದೆ, ಕಾರ್ಖಾನೆ, ಕಮಾನು, ಬಂದೋಬಸ್ತು, ಗುಲಾಬಿ ಎಲ್ಲವೂ ಫಾರಸಿಯ ದಾರಿಯಲ್ಲಿ ನಮ್ಮ ಬಾಯಿಗೆ ಬಂದವು. ಇಸ್ಫಹಾನಿನ ಬಜಾರಿನಲ್ಲಿ ತಾಮ್ರದವರ ಸಾಲು, ಬಟ್ಟೆಯವರ ಸಾಲು ಬೇರೆ ಬೇರೆ. ಅಂಥ ಒಂದೊಂದು ಸಾಲಿಗೂ ಅವರು ಹೇಳುವುದು ‘ರಾಸ್ತೆ’.

ಕನಾತ್‌ಗೆ ಬರೋಣ. ಇದನ್ನು ತೋಡುವ ಕುಶಲಕರ್ಮಿಗೆ ಮುಕನ್ನಿ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ ಮಳೆ, ಹಿಮದ ನೀರು ತಂದು ಹಾಸಿದ ಜಲ್ಲಿಮಣ್ಣಿನ ಇಳಿಜಾರು ಇರುತ್ತದಲ್ಲ, ಅಲ್ಲಿ ಹಸಿರಿನ ಸುಳಿವು, ಮಣ್ಣಿನ ತೇವ ನೋಡಿ ಮೊದಲು ಒಂದು ಪರೀಕ್ಷೆಯ ಬಾವಿ ತೋಡುತ್ತಾರೆ. ನೀರು ಸಿಕ್ಕ ಕೂಡಲೇ ಕುಣಿಯುವುದಿಲ್ಲ. ಎಷ್ಟು ನೀರು ಎತ್ತಿದರೆ ಎಷ್ಟು ಹೊತ್ತಿನಲ್ಲಿ ಮತ್ತೆ ತುಂಬುತ್ತದೆ ಎಂದು ದಿನಗಟ್ಟಲೆ ಅಳೆಯುತ್ತಾರೆ. ಭರವಸೆ ಬಂದರೆ ಅದೇ ತಾಯಿಬಾವಿ, ಮಾದರ್ ಚಾಹ್. ಖುರಾಸಾನಿನ ಗೊನಾಬಾದ್‌ನ ಕಸಬೆ ಕನಾತ್‌ನಲ್ಲಿ ತಾಯಿಬಾವಿಯ ಆಳ 300 ಮೀಟರ್‌ಗೂ ಹೆಚ್ಚು, ಸುರಂಗದ ಉದ್ದ ಸುಮಾರು 33 ಕಿಲೋಮೀಟರ್.

ಆಮೇಲೆ ಎತ್ತರದ ಲೆಕ್ಕ. ಹಗ್ಗ ಮತ್ತು ಮಟ್ಟ ಹಿಡಿದು ತಾಯಿಬಾವಿಯಿಂದ ಊರಿನವರೆಗೆ ನೆಲ ಎಷ್ಟು ಇಳಿಯುತ್ತದೆಂದು ತುಂಡುತುಂಡಾಗಿ ಅಳೆದು, ನೀರು ತಾನಾಗಿ ನೆಲದ ಮೇಲೆ ಬರುವ ಜಾಗ ಗುರುತಿಸುತ್ತಾರೆ. ಆ ಬಾಯಿಯ ಹೆಸರು ಮಜ್‌ಹರ್. ಅಗೆತ ಶುರುವಾಗುವುದು ಇಲ್ಲಿಂದ, ತಾಯಿಬಾವಿಯ ಕಡೆಯಿಂದಲ್ಲ. ಕಾರಣ ಸರಳ: ಕೆಳಗಿನಿಂದ ಮೇಲಕ್ಕೆ ಹೋದರೆ ಒಸರುವ ನೀರು ಬೆನ್ನ ಹಿಂದೆ ಹರಿದುಹೋಗುತ್ತದೆ, ಮೇಲಿನಿಂದ ಇಳಿದರೆ ತೋಡುವವನೇ ಮುಳುಗುತ್ತಾನೆ. ಸುರಂಗದ ಎತ್ತರ ಮನುಷ್ಯ ಬಗ್ಗಿ ಕೂರುವಷ್ಟು, ಅಗಲ ಭುಜ ತೂರುವಷ್ಟು. ಸಾಮಾನ್ಯವಾಗಿ 20ರಿಂದ 50 ಮೀಟರ್‌ಗೊಂದು ಕಂಡಿಬಾವಿ ತೋಡಿ ಗಾಳಿ ಬಿಡುತ್ತಾರೆ, ಅದರಲ್ಲೇ ರಾಟೆ ಹಾಕಿ ಮಣ್ಣು ಎತ್ತುತ್ತಾರೆ. ಎತ್ತಿದ ಮಣ್ಣನ್ನು ಬಾಯಿಯ ಸುತ್ತ ಬಳೆಯಂತೆ ಸುರಿಯುವುದಕ್ಕೂ ಅರ್ಥವಿದೆ. ಅಪರೂಪಕ್ಕೆ ಬರುವ ಜಡಿಮಳೆಯ ನೀರು ನುಗ್ಗಿ ಬಾವಿ ಕುಸಿಯದಂತೆ ಅದೇ ಒಡ್ಡು. ಬಸ್ಸಿನಿಂದ ಕಂಡ ದಿಬ್ಬದ ಸಾಲು ಇದೇ.

ಇಳಿಜಾರಿನಲ್ಲೇ ಇಡೀ ವಿದ್ಯೆ ಅಡಗಿದೆ. ಉದ್ದದ ಕನಾತ್‌ಗಳಲ್ಲಿ 1000 ಮೀಟರಿಗೆ ಸುಮಾರು 1 ಮೀಟರ್ ಮಾತ್ರ ಇಳಿತ. ಅದಕ್ಕಿಂತ ಕಡಿದಾದರೆ ನೀರು ರಭಸದಿಂದ ತಳ ಕೊರೆದು ಸುರಂಗ ಕುಸಿಯುತ್ತದೆ. ಕಡಿಮೆಯಾದರೆ ಹೂಳು ಕೂರುತ್ತದೆ. ಕತ್ತಲಲ್ಲಿ ನೇರ ಸಾಗಲು ಬೆನ್ನ ಹಿಂದೆ ಎರಡು ಎಣ್ಣೆದೀಪ ಇಡುತ್ತಿದ್ದರು. ತಿರುಗಿ ನೋಡಿದಾಗ ಎರಡು ಜ್ವಾಲೆ ಒಂದರ ಹಿಂದೊಂದು ಸೇರಿ ಒಂದೇ ಆಗಿ ಕಂಡರೆ ದಾರಿ ನೇರ. ದೀಪ ಮಂಕಾದರೆ ಗಾಳಿ ಕೆಟ್ಟಿದೆ, ಮೇಲೆ ಬರಬೇಕು. ಸಡಿಲ ಮಣ್ಣು ಬಂದಲ್ಲಿ ಸುಟ್ಟ ಜೇಡಿಮಣ್ಣಿನ ದೊಡ್ಡ ಬಳೆಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸುತ್ತಾರೆ. ಮುಕನ್ನಿಗಳು ಬಿಳಿ ಬಟ್ಟೆ ಉಡುತ್ತಾರೆ. ಕತ್ತಲಲ್ಲಿ ಕಾಣಲಿ ಎಂಬುದು ಒಂದು ಕಾರಣ. ಸತ್ತರೆ ಅದೇ ಶವವಸ್ತ್ರವಾಗಲಿ ಎಂಬುದು ಇನ್ನೊಂದು.

ನಮ್ಮ ಕಾಸರಗೋಡು, ಬಂಟ್ವಾಳ, ಪುತ್ತೂರಿನ ಕಡೆಯವರಿಗೆ ಇದೆಲ್ಲ ಕೇಳಿದರೆ ಮನೆಯ ಹಿಂದಿನ ಗುಡ್ಡ ನೆನಪಾಗಬೇಕು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ವಿದ್ಯೆ ಅಲ್ಲಿ ಇನ್ನೂ ಬದುಕಿದೆ. ಹಾಗೆ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕಂಡಿಬಾವಿಗಳ ಸಾಲಿನ ಸಮೇತ ಕನಾತ್ ಪದ್ಧತಿಯನ್ನೇ ನೋಡಬೇಕೆಂದರೆ ಬೀದರಿನ ನೌಬಾದ್‌ಗೆ ಹೋಗಿ. ಬಹಮನಿ ಕಾಲದ ಕರೇಜ್ ಅಲ್ಲಿದೆ, ಕರೇಜ್ ಎಂಬುದು ಇದರದೇ ಇನ್ನೊಂದು ಹೆಸರು. ಇರಾನಿಗೆ ಹೊರಡುವ ಮೊದಲು ಅದನ್ನು ಕಂಡಿದ್ದರೆ ಯಜ್ದ್‌ನಲ್ಲಿ ಅರ್ಧ ವಿವರಣೆ ಬೇಕಾಗುವುದೇ ಇಲ್ಲ.

ತಂದ ನೀರನ್ನು ಹಂಚುವುದು ತೋಡುವುದಕ್ಕಿಂತ ಸೂಕ್ಷ್ಮ. ಯಜ್ದ್‌ನ ಜಲ ಸಂಗ್ರಹಾಲಯಕ್ಕೆ ಹೋದಾಗ ತಾಮ್ರದ ಒಂದು ಸಣ್ಣ ಬಟ್ಟಲನ್ನು ಗಮನವಿಟ್ಟು ನೋಡಿ. ತಳದಲ್ಲಿ ಒಂದೇ ತೂತು. ದೊಡ್ಡ ಪಾತ್ರೆಯ ನೀರಿನ ಮೇಲೆ ಇದನ್ನು ತೇಲಿಬಿಟ್ಟರೆ ತೂತಿನಿಂದ ನೀರು ಏರಿ, ನಿಗದಿತ ಹೊತ್ತಿಗೆ ಬಟ್ಟಲು ಮುಳುಗುತ್ತದೆ. ಒಂದು ಮುಳುಗು ಒಂದು ಪಾಲು. ಪಕ್ಕದಲ್ಲಿ ಕೂತ ನೀರಗಂಟಿ ಪ್ರತಿ ಮುಳುಗಿಗೆ ಒಂದು ಕಲ್ಲು ಸರಿಸುತ್ತಾ ಯಾರ ಹೊಲಕ್ಕೆ ಎಷ್ಟು ಎಂದು ಲೆಕ್ಕ ಇಡುತ್ತಾನೆ. ಹಳೆಗಾಲದ ಘಳಿಗೆ ಬಟ್ಟಲು ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಈ ನೀರಗಂಟಿಯನ್ನು ಅಲ್ಲಿ ‘ಮಿರಾಬ್’ ಎನ್ನುತ್ತಾರೆ. ಊರೇ ನಂಬುವ ಮನುಷ್ಯ ಮಾತ್ರ ಆ ಜಾಗದಲ್ಲಿ ಕೂರಲು ಸಾಧ್ಯ.

ಊರೊಳಗೆ ಕನಾತ್ ಮನೆಗಳ ಕೆಳಗೇ ಹಾದುಹೋಗುತ್ತದೆ. ಅದರವರೆಗೆ ಇಳಿಯುವ ಮೆಟ್ಟಿಲು ‘ಪಾಯಾಬ್’. ಯಜ್ದ್‌ನ ಜಾಮೆ ಮಸೀದಿಯ ಅಂಗಳದಿಂದಲೇ ಜಾರ್ಚ್ ಕನಾತ್‌ಗೆ ಮೆಟ್ಟಿಲುಗಳಿವೆ. ಮನೆಯ ಮೇಲಿನ ಗೋಪುರದಂಥ ಗಾಳಿಗೂಡು ‘ಬಾದ್‌ಗೀರ್’ ಗಾಳಿಯನ್ನು ಹಿಡಿದು ಕೆಳಗಿನ ನೀರಿನ ತೊಟ್ಟಿಯ ಮೇಲೆ ಹಾಯಿಸುತ್ತದೆ, ಕೋಣೆ ತಣ್ಣಗಾಗುತ್ತದೆ. ದೌಲತಾಬಾದ್ ತೋಟದ ಎಂಟು ಮೂಲೆಯ ಬಾದ್‌ಗೀರ್ ಸುಮಾರು 33 ಮೀಟರ್ ಎತ್ತರ. ಮಧ್ಯಾಹ್ನ ಹೋಗಿ, ಅದರ ಬುಡದಲ್ಲಿ ನಿಂತು ಮುಖ ಮೇಲೆತ್ತಿ. ಯಜ್ದ್‌ಗೆ ಸುಮಾರು 50 ಕಿಲೋಮೀಟರ್ ದೂರದ ಮೈಬೊದ್‌ನಲ್ಲಿ ಮಣ್ಣಿನ ದೊಡ್ಡ ಗುಮ್ಮಟದ ಮಂಜಿನ ಮನೆ ಇದೆ. ಚಳಿಗಾಲದ ರಾತ್ರಿ ಗೋಡೆಯ ನೆರಳಿನ ತೆಳು ಹೊಂಡಗಳಲ್ಲಿ ನೀರು ಹೆಪ್ಪುಗಟ್ಟಿಸಿ, ಆ ಮಂಜುಗಡ್ಡೆಯನ್ನು ಹುಲ್ಲು ಹಾಸಿ ಗುಂಡಿಯಲ್ಲಿ ತುಂಬಿ ಬೇಸಿಗೆಯವರೆಗೆ ಕಾಯುತ್ತಿದ್ದರು.

ಪ್ರವಾಸದ ದಾರಿ ಹೀಗೆ ಇಟ್ಟುಕೊಳ್ಳಿ. ಟೆಹ್ರಾನಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಊರಿನ ದಕ್ಷಿಣಕ್ಕೆ, ಕುಮ್ ಹೆದ್ದಾರಿಯ ಮೇಲಿದೆ. ಬೆಳಗಿನ ಜಾವ ಇಳಿದವರು ಟೆಹ್ರಾನಿನ ಟ್ರಾಫಿಕ್‌ಗೆ ನುಗ್ಗುವ ಬದಲು ನೇರ ದಕ್ಷಿಣಕ್ಕೆ ಕಾಶಾನ್‌ಗೆ ಹೋದರೆ ಒಂದು ದಿನ ಉಳಿಯುತ್ತದೆ. ಅಲ್ಲಿನ ಫಿನ್ ತೋಟದ ಕಾರಂಜಿಗಳು ಬುಗ್ಗೆಯ ನೀರಿನ ಒತ್ತಡದಲ್ಲೇ ಚಿಮ್ಮುತ್ತವೆ. ಇದೇ ತೋಟದ ಸ್ನಾನಗೃಹದಲ್ಲಿ 1852ರಲ್ಲಿ ಸುಧಾರಕ ಪ್ರಧಾನಿ ಅಮೀರ್ ಕಬೀರ್‌ನ ಕೊಲೆಯಾಯಿತು. ಅಲ್ಲಿಂದ ಇಸ್ಫಹಾನ್, ಯಜ್ದ್, ಕೆರ್ಮಾನ್ ಬಳಿಯ ಮಾಹಾನ್, ಶಿರಾಜ್. ಇಸ್ಫಹಾನ್‌ನಿಂದ ಯಜ್ದ್‌ಗೆ ಬಸ್ಸಿನಲ್ಲಿ 4ರಿಂದ 5 ಗಂಟೆ. ಟಿಕೆಟ್ ಕೊಳ್ಳುವಾಗ ‘ವಿಐಪಿ’ ಎಂದು ಕೇಳಿ, ಒಂದು ಸಾಲಿಗೆ ಮೂರೇ ಸೀಟು, ಕಾಲು ಚಾಚಬಹುದು. ಹನ್ನೆರಡು ದಿನ ಬೇಕು. ಒಂದೇ ವಾರವಿದ್ದರೆ ಕೆರ್ಮಾನ್ ಬಿಡಿ, ಯಜ್ದ್ ಬಿಡಬೇಡಿ.

ಇಸ್ಫಹಾನ್‌ಗೆ ಹೋಗುವವರು ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಚಿತ್ರಗಳಲ್ಲಿ 33 ಕಮಾನುಗಳ ಸೇತುವೆ ಜಾಯಂದೆ ನದಿಯ ನೀರಿನಲ್ಲಿ ಮಿನುಗುತ್ತದೆ. ವರ್ಷದ ಬಹುಪಾಲು ಅಲ್ಲಿ ಕಾಣುವುದು ಬಿರುಕುಬಿಟ್ಟ ಪಾತ್ರ. ಮೇಲಿನ ಅಣೆಕಟ್ಟು, ಬೇರೆ ಊರುಗಳಿಗೆ ಒಯ್ಯುವ ಕೊಳವೆ, ಕಾರ್ಖಾನೆ, ಬರಗಾಲ ಎಲ್ಲ ಸೇರಿ ನದಿಯನ್ನು ಕುಡಿದುಹಾಕಿವೆ. ಕನಾತ್‌ಗಳ ಕಥೆಯೂ ಇದೇ. 1960ರ ದಶಕದಿಂದ ಆಳದ ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ತಾಯಿಬಾವಿಯ ತಳಕ್ಕಿಂತ ಕೆಳಗೆ ಹೋಯಿತು, ಸಾವಿರಾರು ಕನಾತ್ ಬತ್ತಿದವು. ಕನಾತ್ ತಾನಾಗಿ ಬಂದಷ್ಟೇ ನೀರನ್ನು ಕೊಡುತ್ತದೆ, ಕೊಳವೆಬಾವಿ ಇಲ್ಲದ ನೀರನ್ನೂ ಎಳೆಯುತ್ತದೆ. ಕೋಲಾರದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. 2016ರಲ್ಲಿ ಯುನೆಸ್ಕೊ 11 ಕನಾತ್‌ಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿ ಬೇಕು, ಆದರೆ ನೀರು ಹರಿಯುತ್ತಿರುವ ಕನಾತನ್ನೇ ಹುಡುಕಿ ನೋಡಿ.

ಶಿರಾಜ್‌ನಿಂದ ಸುಮಾರು 60 ಕಿಲೋಮೀಟರ್ ದೂರದ ಪರ್ಸೆಪೊಲಿಸ್‌ಗೆ ಬಾಗಿಲು ತೆಗೆಯುವ ಹೊತ್ತಿಗೇ ತಲುಪಿ. ನೆರಳು ಕಡಿಮೆ, ಹತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ. ಕ್ರಿ.ಪೂ. 518ರ ಸುಮಾರಿಗೆ ದೊರೆ ದಾರಯವಹು (ಡೇರಿಯಸ್) ಕಟ್ಟಲು ತೊಡಗಿದ, ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರನ ಕಾಲಕ್ಕೆ ಸುಟ್ಟುಹೋದ ನಗರ ಇದು. ಅಪಾದಾನ ಸಭಾಂಗಣದ ಪೂರ್ವದ ಮೆಟ್ಟಿಲ ಮೇಲೆ ಕಾಣಿಕೆ ತರುವ 23 ನಾಡುಗಳ ಜನರ ಉಬ್ಬುಶಿಲ್ಪವಿದೆ. ಅವರಲ್ಲಿ ಹಿಂದೂಶ್, ಅಂದರೆ ಸಿಂಧೂ ತೀರದವರನ್ನು ಗುರುತಿಸುವುದು ಸುಲಭ. ಮೈಮೇಲೆ ಅಂಗಿ ಇಲ್ಲ, ಸೊಂಟಕ್ಕೆ ಪಂಚೆಯಂಥ ಬಟ್ಟೆ. ಒಬ್ಬ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ, ಎರಡೂ ಕಡೆ ತೂಗುವ ಬುಟ್ಟಿ. ಹಿಂದೆ ಒಂದು ಕತ್ತೆ. ಬುಟ್ಟಿಯಲ್ಲಿರುವುದು ಚಿನ್ನದ ಪುಡಿ ಎನ್ನುತ್ತಾರೆ ತಿಳಿದವರು. ಎರಡೂವರೆ ಸಾವಿರ ವರ್ಷದಿಂದ ಅವನು ಆ ಅಡ್ಡೆಯನ್ನು ಕೆಳಗಿಟ್ಟಿಲ್ಲ. ಇಲ್ಲೂ ನೀರಿನ ಪಾಠವಿದೆ: ಜಗಲಿಯ ಕೆಳಗೆ ಬಂಡೆ ಕೊರೆದು ಮಾಡಿದ ಚರಂಡಿಗಳ ಜಾಲವಿದೆ, ಅದನ್ನು ಕಂಬಗಳನ್ನು ನಿಲ್ಲಿಸುವ ಮೊದಲೇ ಯೋಚಿಸಿದ್ದರು.

ಈಗ ದಿನನಿತ್ಯದ ಸಂಗತಿ. ನಮ್ಮ ಬ್ಯಾಂಕಿನ ಯಾವ ಕಾರ್ಡೂ ಅಲ್ಲಿ ನಡೆಯುವುದಿಲ್ಲ, ನಿರ್ಬಂಧಗಳಿಂದಾಗಿ ಅವರ ಬ್ಯಾಂಕುಗಳು ಹೊರಗಿನ ಜಾಲದಲ್ಲಿಲ್ಲ. ಇಡೀ ಪ್ರವಾಸದ ಖರ್ಚು, ಮೇಲೆ ಮೂರನೇ ಒಂದು ಭಾಗ ಸೇರಿಸಿ, ಡಾಲರ್ ಅಥವಾ ಯೂರೊ ನೋಟುಗಳಲ್ಲಿ ಒಯ್ಯಿರಿ. ಹರಿದ, ಗೀಚಿದ, ಹಳೆಯ ನೋಟು ಬೇಡ. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿಗೆ ಸಾಕಾಗುವಷ್ಟು ಮಾತ್ರ ಬದಲಿಸಿ, ಉಳಿದದ್ದನ್ನು ಊರಿನ ‘ಸರ್ರಾಫಿ’ಯಲ್ಲಿ. ಹೌದು, ನಮ್ಮ ಸರಾಫ್ ಕಟ್ಟೆಯ ಸರಾಫನೇ. ನೋಟಿನ ಮೇಲೆ ರಿಯಾಲ್ ಎಂದಿರುತ್ತದೆ, ಬಾಯಲ್ಲಿ ಹೇಳುವುದು ತೋಮಾನ್. 10 ರಿಯಾಲ್‌ಗೆ 1 ತೋಮಾನ್. ಅದು ಸಾಲದೆಂಬಂತೆ ಸಾವಿರವನ್ನೂ ನುಂಗಿ ಮಾತಾಡುತ್ತಾರೆ. ‘ಐವತ್ತು’ ಎಂದರೆ ಐವತ್ತು ಸಾವಿರ ತೋಮಾನ್, ಅಂದರೆ 5,00,000 ರಿಯಾಲ್. ಹಣ ಕೊಡುವ ಮೊದಲು ‘ರಿಯಾಲೋ ತೋಮಾನೋ’ ಎಂದು ಕೇಳಿ, ಕ್ಯಾಲ್ಕುಲೇಟರ್‌ನಲ್ಲಿ ಬರೆಸಿಕೊಳ್ಳಿ. ಅಂಕಿಗಳನ್ನು ಹೊರಡುವ ಮೊದಲೇ ಕಲಿಯಿರಿ: ಸೊನ್ನೆ ಬರೀ ಚುಕ್ಕೆ, ಐದು ತಲೆಕೆಳಗಾದ ಹೃದಯ, ಏಳು ಇಂಗ್ಲಿಷಿನ ವಿ, ಎಂಟು ಅದೇ ವಿ ಬೋರಲು.

ಬಸ್ ಟಿಕೆಟ್‌ನ ತಾರೀಖೂ ಅವರ ಸೌರ ಪಂಚಾಂಗದ್ದೇ. ಹೊಸ ವರ್ಷ ನವ್ರೋಜ್, ಮಾರ್ಚ್ 20 ಅಥವಾ 21ಕ್ಕೆ. ಅಲ್ಲಿಂದಾಚೆಗಿನ ತಿಂಗಳುಗಳಿಗೆ ನಮ್ಮ ಇಸವಿಯಿಂದ 621 ಕಳೆದರೆ ಅವರ ವರ್ಷ. ನವ್ರೋಜ್‌ನ 13 ದಿನ ಇಡೀ ದೇಶ ರಸ್ತೆಯ ಮೇಲಿರುತ್ತದೆ, ಹೋಟೆಲ್ ಸಿಗದು. ಏಪ್ರಿಲ್ ಕೊನೆ, ಮೇ ಮೊದಲು, ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಶುಕ್ರವಾರ ರಜೆ. ಗಡಿಯಾರ ನಮಗಿಂತ ಎರಡು ಗಂಟೆ ಹಿಂದೆ. ಪ್ಲಗ್ ದುಂಡನೆಯ ಎರಡು ಕಡ್ಡಿಯದು, ನಮ್ಮ ಮೂರು ಕಡ್ಡಿಯ ಪ್ಲಗ್‌ಗೆ ಅಡಾಪ್ಟರ್ ಬೇಕು.

ಹೆಂಗಸರಿಗೆ ತಲೆವಸ್ತ್ರ ಕಾನೂನಿನಲ್ಲಿ ಕಡ್ಡಾಯ. 2022ರಲ್ಲಿ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿ ಸತ್ತ ಮೇಲೆ ಎದ್ದ ಚಳವಳಿಯ ನಂತರ ದೊಡ್ಡ ನಗರಗಳಲ್ಲಿ ಅನೇಕ ಹೆಣ್ಣುಮಕ್ಕಳು ಅದಿಲ್ಲದೆ ನಡೆಯುತ್ತಾರೆ. ಅದು ಅವರು ಪ್ರಾಣ ಪಣಕ್ಕಿಟ್ಟು ಪಡೆದ ಜಾಗ, ಪ್ರವಾಸಿಗೆ ಸಿಕ್ಕ ಪರವಾನಗಿ ಅಲ್ಲ. ಹೆಗಲ ಮೇಲೆ ಒಂದು ಶಾಲು ಸದಾ ಇರಲಿ. ಗಂಡಸರು ಚಡ್ಡಿಯಲ್ಲಿ ಬೀದಿಗಿಳಿಯಬಾರದು. ಮದ್ಯ ನಿಷಿದ್ಧ. ಡ್ರೋನ್ ಒಯ್ಯಲೇಬೇಡಿ. ಪೊಲೀಸ್, ಸೈನ್ಯ, ವಿದ್ಯುತ್ ಸ್ಥಾವರ, ಪ್ರತಿಭಟನೆ ಯಾವುದರ ಫೋಟೊವನ್ನೂ ತೆಗೆಯಬೇಡಿ. ಬೇಹುಗಾರಿಕೆಯ ಆರೋಪ ಬಂದರೆ ‘ಗೊತ್ತಿರಲಿಲ್ಲ’ ಎಂಬ ಮಾತು ನಡೆಯದು. ಟ್ಯಾಕ್ಸಿಯವರು ‘ದರ್ಬಸ್ತ್?’ ಎಂದು ಕೇಳಿದರೆ ಇಡೀ ಗಾಡಿ ನಿಮಗೇ ಬೇಕೇ ಎಂದರ್ಥ. ಸುಮ್ಮನೆ ತಲೆಯಾಡಿಸಿದರೆ ನಾಲ್ವರ ಬಾಡಿಗೆ ತೆರಬೇಕಾಗುತ್ತದೆ.

ಸಸ್ಯಾಹಾರಿಗಳು ಎಡವುವುದು ಒಂದು ಶಬ್ದದಲ್ಲಿ. ‘ಬೆದೂನೆ ಗೂಶ್ತ್’, ಮಾಂಸ ಬೇಡ ಎಂದರೆ ಕೋಳಿ ಬರುತ್ತದೆ, ಯಾಕೆಂದರೆ ಅವರಿಗೆ ಗೂಶ್ತ್ ಎಂದರೆ ಕುರಿ, ದನದ ಮಾಂಸ. ‘ಬೆದೂನೆ ಗೂಶ್ತ್, ಬೆದೂನೆ ಮೊರ್ಗ್’ ಎಂದು ಎರಡನ್ನೂ ಹೇಳಿ. ಬದನೆಕಾಯಿ ಸುಟ್ಟು ಅರೆದು ಕಶ್ಕ್ ಎಂಬ ಒಣಮಜ್ಜಿಗೆಯ ಗಟ್ಟಿ ಬೆರೆಸಿದ ಕಶ್ಕೆ ಬಾದೆಂಜಾನ್, ಸೌತೆಕಾಯಿ ಮೊಸರು, ಬೇಳೆ ಅನ್ನ ಅದಸ್ ಪೋಲೊ ಸಿಗುತ್ತವೆ. ಸೊಪ್ಪು, ಕಾಳು, ಶ್ಯಾವಿಗೆಯ ಗಟ್ಟಿ ಸಾರು ಆಶೆ ರೆಶ್ತೆ ಸಸ್ಯಾಹಾರದಂತೆ ಕಂಡರೂ ಕೆಲವು ಕಡೆ ಮಾಂಸದ ಕಟ್ಟು ಹಾಕುತ್ತಾರೆ, ಕೇಳಿ. ಸಂಗಕ್ ರೊಟ್ಟಿಯನ್ನು ಕಾದ ಸಣ್ಣ ಕಲ್ಲುಗಳ ಮೇಲೆ ಸುಡುತ್ತಾರೆ. ತಿನ್ನುವ ಮೊದಲು ಕೊಡವಿ, ಒಂದೊಂದು ಕಲ್ಲು ಅಂಟಿಕೊಂಡಿರುತ್ತದೆ. ದುಬೈ ಮೂಲಕ ಹೋಗುವವರು ಗಸಗಸೆ ಹಾಕಿದ ಪುಡಿ, ಲಾಡು ಕಟ್ಟಿಕೊಳ್ಳಬೇಡಿ. ಅರಬ್ ಎಮಿರೇಟ್ಸ್ ದೇಶದಲ್ಲಿ ಗಸಗಸೆ ನಿಷಿದ್ಧ.

‘ತಾರೋಫ್’, ಅಂದರೆ ಅವರ ಉಪಚಾರದ ಮಾತಿನ ಬಗ್ಗೆ ಹೆದರುವವರಿದ್ದಾರೆ. ಅಂಗಡಿಯವನು ಹಣ ಕೇಳಿದರೆ ‘ಕಾಬೆಲ್ ನದಾರೆ’, ನಿಮ್ಮ ಮುಂದೆ ಅದೇನು ದೊಡ್ಡದಲ್ಲ ಎನ್ನುತ್ತಾನೆ. ನಂಬಿ ಎದ್ದುಹೋದರೆ ಅವನಿಗೆ ನಷ್ಟ, ನಿಮಗೆ ಅವಮಾನ. ನಮ್ಮಲ್ಲಿ ‘ಊಟ ಮಾಡ್ಕೊಂಡೇ ಹೋಗಿ’ ಅಂದರೆ ‘ಅಯ್ಯೋ ಬೇಡ, ಈಗಷ್ಟೇ ಆಯ್ತು’ ಅನ್ನುವುದಿಲ್ಲವೇ, ಹಾಗೆಯೇ. ಎರಡು ಸಲ ಬೇಡವೆನ್ನಿ, ಹಣ ಮುಂದೆ ಚಾಚಿಯೇ ಇರಿ. ಮನೆಗೆ ಕರೆದಾಗಲೂ ಇದೇ ಲೆಕ್ಕ. ಮೂರನೇ ಸಲವೂ ಕರೆದು ದಿನ, ಹೊತ್ತು ಹೇಳಿದರೆ ಅದು ನಿಜವಾದ ಕರೆ. ಬಾಗಿಲಲ್ಲಿ ಚಪ್ಪಲಿ ಬಿಡಿ, ಸಿಹಿಯ ಪೊಟ್ಟಣ ಒಯ್ಯಿರಿ. ಆದರೆ ರಾಜಕೀಯವನ್ನು ನೀವಾಗಿ ಎತ್ತಬೇಡಿ. ಹೇಳಿ ನೀವು ಊರಿಗೆ ಮರಳುತ್ತೀರಿ, ಅವರು ಅಲ್ಲೇ ಇರಬೇಕು.

ಹಳ್ಳಿಯೊಂದರ ಮಜ್‌ಹರ್ ಬಳಿ ಕುಳಿತಾಗ ಕಡೆಯದಾಗಿ ಒಂದು ನಿಯಮ. ನೀರು ನೆಲದಿಂದ ಹೊರಬರುವ ಮೊದಲ ಜಾಗ ಕುಡಿಯಲು, ಅದರ ಕೆಳಗೆ ಪಾತ್ರೆ ಬಟ್ಟೆ, ಆಮೇಲೆ ದನಕರು, ಕೊನೆಗೆ ಹೊಲ. ಎಷ್ಟೇ ಸೆಕೆ ಇರಲಿ, ಬಾಯಿಯ ಹತ್ತಿರ ಕಾಲು ಇಳಿಬಿಡಬೇಡಿ. ಹರಿವಿನ ಜೊತೆ ಕೆಳಗೆ ನಡೆದು ಹೋಗಿ, ದನಕ್ಕೆ ನೀರು ಕುಡಿಸುವ ಜಾಗವನ್ನೂ ದಾಟಿ, ಅಲ್ಲಿ ತೊಳೆಯಿರಿ.